ನಗುವ ಮುಖದ ಮೇಲೆ ಬೆರಳು

ಹಿಡಿಯುವುದೇ ಅವಳ ಕೆಲಸ. ಹದಿನಾಲ್ಕು ವರ್ಷದಿಂದ ಮಕ್ಕಳ ವಾರ್ಡಿನಲ್ಲಿ ಅವಳು ಹಿಡಿಯುತ್ತಲೇ ಬಂದಿದ್ದಾಳೆ. ಸೂಜಿ ಹಾಕುವಾಗ ಕೈ ಹಿಡಿಯುವುದು. ಬ್ಯಾಂಡೇಜು ಬಿಚ್ಚುವಾಗ ಕಾಲು ಹಿಡಿಯುವುದು. ಮೂಗಿಗೆ ನಳಿಗೆ ಇಳಿಸುವಾಗ ತಲೆ ಹಿಡಿಯುವುದು. ವಾಂತಿಗೆ ಬೇಸಿನ್ ಹಿಡಿಯುವುದು. ಕಾಗದದಲ್ಲಿ ಅವಳು ಆಯಾ, ಅದೂ ಗುತ್ತಿಗೆಯ ಆಯಾ. ಮಕ್ಕಳು ಇಟ್ಟ ಹೆಸರು ಹಿಡಿಯಕ್ಕ. ದೊಡ್ಡವರಿಗೂ ಅದೇ ಬಾಯಿಗೆ ಹತ್ತಿ, ಹಾಜರಿ ಪುಸ್ತಕ ಬಿಟ್ಟರೆ ಆ ಆಸ್ಪತ್ರೆಯಲ್ಲಿ ಅವಳಿಗೆ ಬೇರೆ ಹೆಸರು ಉಳಿದಿರಲಿಲ್ಲ.

ಹಿಡಿಯುವುದೇನು ಮಹಾ ವಿದ್ಯೆ ಎಂದು ನಿಮಗೆ ಅನ್ನಿಸಬಹುದು. ಹಿಡಿದು ನೋಡಿ. ಮೂರು ವರ್ಷದ ಕೂಸಿಗೆ ಜೀವಭಯ ಬಂದರೆ ಗಂಡಾಳಿನ ಬಲ ಬರುತ್ತದೆ. ಮಣಿಕಟ್ಟಿಗೆ ಕೈ ಹಾಕಿದರೆ ಉಳುಕುತ್ತದೆ. ತೋಳಿಗೆ ಹಾಕಿದರೆ ಬೆರಳಿನ ಗುರುತು ಏಳುತ್ತದೆ. ಮೊಣಕೈಯ ಕೆಳಗೆ ಅಂಗೈ ಪೂರ್ತಿ ಇಟ್ಟು, ಬೆರಳು ಬಿಗಿಯದೆ ಹಿಡಿಯಬೇಕು. ಮಗುವಿನ ಬೆನ್ನು ನಮ್ಮ ಎದೆಗೆ ತಾಗಿರಬೇಕು, ಆಗ ಅದಕ್ಕೆ ನಮ್ಮ ಉಸಿರು ಗೊತ್ತಾಗುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿದ್ದಲ್ಲ. ನರ್ಸಿಂಗ್ ಕಾಲೇಜಿನ ಹುಡುಗಿಯರು ಅವಳ ಕೈ ನೋಡಿ ಕಲಿತರು, ಪಾಸಾದರು, ಸಿಸ್ಟರ್ ಆಗಿ ಅದೇ ವಾರ್ಡಿಗೆ ಬಂದು ‘ಏ ಹಿಡಿಯಕ್ಕ, ಎಲ್ಲಿ ಸತ್ತೆ?’ ಎಂದು ಕೂಗಿದರು. ಸಿಸ್ಟರುಗಳ ಕೋಣೆಯಲ್ಲಿ ಆರು ಕುರ್ಚಿ. ಆರನ್ನೂ ಅವಳು ದಿನಾ ಒರೆಸುತ್ತಾಳೆ. ಒಂದರ ಮೇಲೂ ಕೂತಿಲ್ಲ.

ಇಂಥ ವಾರ್ಡಿಗೆ ಒಂದು ದಿನ ಸಂಶೋಧನೆ ಬಂತು.

ತಂದವರು ನರ್ಸಿಂಗ್ ಕಾಲೇಜಿನ ಮೇಡಂ. ಮಕ್ಕಳಿಗೆ ಎಷ್ಟು ನೋವಾಗುತ್ತದೆ ಎಂದು ಅಳೆದು ಬರೆದು ಡಾಕ್ಟರೇಟ್ ತೆಗೆದುಕೊಳ್ಳಲು ಹೊರಟವರು. ಕೆಟ್ಟವರೇನಲ್ಲ, ಮೊದಲ ದಿನ ಎಲ್ಲ ಮಕ್ಕಳಿಗೂ ಬಲೂನು ಹಂಚಿದರು. ಅವರ ಕೈಯಲ್ಲೊಂದು ಉದ್ದನೆಯ ರಟ್ಟು. ಅದರ ಮೇಲೆ ಸಾಲಾಗಿ ಆರು ಮುಖ. ಮೊದಲನೆಯದು ಬಾಯಿ ತುಂಬ ನಗುತ್ತಿದೆ. ಆಮೇಲಾಮೇಲೆ ನಗು ಇಳಿದು, ಹುಬ್ಬು ಗಂಟಿಕ್ಕಿ, ಆರನೆಯದು ಗೊಳೋ ಎಂದು ಅಳುತ್ತಿದೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಹಾಸಿಗೆ ಹಾಸಿಗೆಗೂ ಹೋಗಿ ‘ಈಗ ಎಷ್ಟು ನೋವು, ತೋರ್ಸು ಪುಟ್ಟ’ ಎಂದು ಕೇಳಬೇಕು. ಮಗು ಬೆರಳಿಟ್ಟ ಮುಖಕ್ಕೆ ಪುಸ್ತಕದಲ್ಲಿ ಟಿಕ್ ಹಾಕಬೇಕು. ನಾಲ್ಕನೆಯ ಮುಖದಿಂದಾಚೆ ಬೆರಳಿಟ್ಟರೆ ನೋವಿನ ಔಷಧಿ ಕೊಡಬೇಕು. ಕೆಳಗಿನ ಪುಕ್ಕಟೆ ವಾರ್ಡಿನಲ್ಲೂ ಮೇಲಿನ ದುಡ್ಡಿನ ವಾರ್ಡಿನಲ್ಲೂ ಹೀಗೆ ಕೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಇದು ಮೇಡಂ ಅವರ ಯೋಜನೆ.

ಮೇಡಂ ಎರಡು ವಾರ ಬಂದರು. ಆಮೇಲೆ ಕೆಳಗಿನ ವಾರ್ಡಿನ ನಾತಕ್ಕೆ ಅವರಿಗೆ ತಲೆ ಸಿಡಿಯತೊಡಗಿತು. ರಟ್ಟು, ಪುಸ್ತಕ, ಪೆನ್ನು ಮೂರನ್ನೂ ಹಿಡಿಯಕ್ಕನ ಕೈಗೆ ಕೊಟ್ಟು, ‘ಮಕ್ಕಳು ನಿನಗೆ ಒಗ್ಗಿದಾವೆ, ನೀನೇ ಕೇಳಿ ಟಿಕ್ ಹಾಕ್ಬಿಡು’ ಎಂದರು. ಏಳನೇ ಕ್ಲಾಸಿನವರೆಗೆ ಓದಿದ್ದ ಹಿಡಿಯಕ್ಕ ಅಂಗೈಯನ್ನು ಸೀರೆಗೆ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು. ಅವಳಿಗೆ ಹೆಮ್ಮೆಯಾಯಿತು, ಸುಳ್ಳು ಹೇಳಬಾರದು. ಸಂಜೆ ಮನೆಯಲ್ಲಿ ಗಂಡನ ಮುಂದೆ, ‘ನಾನೂ ಈಗ ಸಂಶೋಧನೆ ಮಾಡ್ತಿದ್ದೀನಿ ಕಣ್ರೀ’ ಎಂದಳು. ನೀರಿನ ಟ್ಯಾಂಕರ್ ಓಡಿಸುವ ಗಂಡ ಅನ್ನದ ತಟ್ಟೆಯಿಂದ ತಲೆ ಎತ್ತದೆ, ‘ಹಂಗಾದ್ರೆ ಈ ಸಾರಿನಲ್ಲಿ ಉಪ್ಪು ಎಲ್ಲಿ ಹೋಯ್ತು ಅಂತ ಮೊದ್ಲು ಕಂಡುಹಿಡಿ’ ಎಂದ.

ಈಗ ಇದನ್ನು ಸರಿಯಾಗಿ ಕೇಳಿ. ಮೇಲಿನ ವಾರ್ಡಿನಲ್ಲಿ ನೋವಿನ ಔಷಧಿ ಎಂದರೆ ಗುಲಾಬಿ ಬಣ್ಣದ ಸಿರಪ್ಪು. ಸಕ್ಕರೆಯಷ್ಟು ಸಿಹಿ. ಅಲ್ಲಿಯ ಮಕ್ಕಳು ಅಳುವ ಮುಖ ತೋರಿಸಿ, ಸಿರಪ್ಪು ಕುಡಿದು, ಚಮಚ ನೆಕ್ಕುತ್ತಿದ್ದವು. ಕೆಳಗಿನ ವಾರ್ಡಿಗೆ ಸಿರಪ್ಪು ಬರುತ್ತಿರಲಿಲ್ಲ. ಇಲ್ಲಿ ನೋವಿನ ಔಷಧಿ ಎಂದರೆ ಸೂಜಿ, ತೊಡೆಗೆ. ಅಳುವ ಮುಖಕ್ಕೆ ಬೆರಳಿಟ್ಟ ಮಗುವಿಗೆ ಹತ್ತು ನಿಮಿಷದಲ್ಲಿ ಸೂಜಿ ಬರುತ್ತಿತ್ತು. ನೋವು ಎಷ್ಟು ಎಂದು ಮುದ್ದಿನಿಂದ ಕೇಳಿದವಳೇ ಬಂದು ಕಾಲು ಹಿಡಿಯುತ್ತಿದ್ದಳು. ಕಿವಿಯ ಆಪರೇಷನ್ ಆಗಿದ್ದ ಒಬ್ಬ ಪೋರ ರಟ್ಟು ಕಂಡರೆ ಸಾಕು, ಮಂಚದಡಿ ತೂರಿಕೊಳ್ಳುತ್ತಿದ್ದ. ಅವಳ ಕರುಳು ತಡೆಯಲಿಲ್ಲ. ಒಂದು ಮಧ್ಯಾಹ್ನ ತಾನೂ ಮಂಚದಡಿ ಬಗ್ಗಿ ಪಿಸುಗುಟ್ಟಿದಳು: ‘ಲೋ, ನಗೋ ಮುಖ ತೋರ್ಸು. ಸೂಜಿ ಬರಲ್ಲ.’

ಎರಡು ದಿನದಲ್ಲಿ ವಾರ್ಡಿಗೆ ವಾರ್ಡೇ ನಕ್ಕಿತು. ಮೂಳೆ ಮುರಿದವರು, ಹೊಟ್ಟೆ ಹೊಲಿಸಿಕೊಂಡವರು, ಸುಟ್ಟವರು, ಎಲ್ಲರ ಬೆರಳೂ ಮೊದಲನೆಯ ಮುಖದ ಮೇಲೆ. ಅವಳು ಟಿಕ್ ಹಾಕುತ್ತ ಹೋದಳು. ಗಾಯ ಬಿಚ್ಚಿ ಕಟ್ಟುವ ದಿನ ಹೇಗೂ ಅರ್ಧ ಗಂಟೆ ಮುಂಚೆ ಎಲ್ಲರಿಗೂ ನೋವಿನ ಸೂಜಿ ಹಾಕುತ್ತಿದ್ದರು, ಅದಕ್ಕೆ ಯಾರೂ ರಟ್ಟನ್ನು ಕೇಳುತ್ತಿರಲಿಲ್ಲ. ಮಿಕ್ಕ ಹೊತ್ತಿನ ಒಂದೆರಡು ಸೂಜಿ ತಪ್ಪಿದರೆ ಯಾರಪ್ಪನ ಗಂಟು ಹೋಗುತ್ತದೆ ಎಂದುಕೊಂಡಳು. ಹದಿನಾಲ್ಕು ವರ್ಷದಲ್ಲಿ ಮಕ್ಕಳು ಅವಳನ್ನು ಕಂಡು ಹೆದರದ ದಿನಗಳು ಎಂದರೆ ಅವೇ. ಆ ಸುಖಕ್ಕೆ ಅವಳು ಸೋತಳು.

ಸಂಶೋಧನೆ ಮುಗಿಯಲು ಹತ್ತು ದಿನ ಇದ್ದಾಗ ಆ ಹುಡುಗಿ ಬಂದಳು. ಆರು ವರ್ಷ. ತಾಯಿ ಬಟ್ಟೆ ಒಗೆಯುವ ಕಾರ್ಖಾನೆಯ ಕೆಲಸದವಳು. ಹಾಸಿಗೆ ಚಾದರ ಕುದಿಸುವ ಹಂಡೆ ಉರುಳಿ ಮಗುವಿನ ಬೆನ್ನಿನಿಂದ ಹಿಮ್ಮಡಿಯವರೆಗೆ ಬೆಂದಿತ್ತು. ಮೂರನೇ ದಿನಕ್ಕೇ ಬೋರಲು ಮಲಗಿದಲ್ಲಿಂದ ಮಾತು ಶುರು ಮಾಡಿದಳು. ಅರಳು ಹುರಿದಂತೆ ಮಾತು. ಅದಕ್ಕೇ ಎಲ್ಲರೂ ಅವಳನ್ನು ಅರಳು ಎಂದೇ ಕರೆದರು. ಡಾಕ್ಟರ ಮೂಗಿನಲ್ಲಿ ಕೂದಲು ಯಾಕಿದೆ, ಗ್ಲೂಕೋಸ್ ಬಾಟಲಿ ಖಾಲಿಯಾದ ಮೇಲೆ ತನಗೆ ಕೊಡುತ್ತಾರಾ, ಎಲ್ಲವನ್ನೂ ಕೇಳುವಳು. ಒಂದು ದಿನ ಕೇಳಿದಳು:

‘ಹಿಡಿಯಕ್ಕ, ನೀನು ಎಲ್ಲಾರನ್ನೂ ಹಿಡ್ಕೋತೀಯ. ನಿನ್ನ ಯಾರು ಹಿಡ್ಕೋತಾರೆ?’

‘ನನ್ನನ್ನ ಯಾಕೆ ಹಿಡೀಬೇಕು? ನಂಗೇನು ಸುಟ್ಟಿದ್ಯಾ?’

‘ಸುಟ್ರೆ?’

‘ಸುಟ್ರೆ ನೀನೇ ಹಿಡ್ಕೊ’ ಎಂದು ನಕ್ಕು, ಅವಳಿಗೂ ನಗುವ ಮುಖದ ಗುಟ್ಟು ಹೇಳಿಕೊಟ್ಟಳು. ಅರಳು ಒಂದೇ ಸಲಕ್ಕೆ ಕಲಿತಳು. ಜಾಣೆ.

ಮೂರು ವಾರದ ಮೇಲೆ ಕಾಲೇಜಿನ ಸಭಾಂಗಣದಲ್ಲಿ ಕಾರ್ಯಕ್ರಮ. ಹಿಡಿಯಕ್ಕ ಬೆಳಗ್ಗೆ ಕಸ ಗುಡಿಸಿ, ಕುರ್ಚಿ ಜೋಡಿಸಿ, ಬಾಗಿಲ ಬಳಿ ನಿಂತಳು. ಗೋಡೆಯ ಮೇಲೆ ದೊಡ್ಡ ಚಿತ್ರ ಬಿತ್ತು. ಎರಡು ಕಂಬ. ಉದ್ದನೆಯದು ಮೇಲಿನ ವಾರ್ಡಿನ ನೋವು. ಗಿಡ್ಡನೆಯದು ಕೆಳಗಿನದು. ಮೇಡಂ ಮೈಕಿನಲ್ಲಿ ಹೇಳಿದರು: ‘ಕಷ್ಟದಲ್ಲಿ ಬೆಳೆದ ಮಕ್ಕಳಿಗೆ ನೋವು ತಡೆದುಕೊಳ್ಳುವ ಶಕ್ತಿ ಹೆಚ್ಚು ಎಂಬುದು ಇದರಿಂದ ತಿಳಿಯುತ್ತದೆ.’ ಮಾಹಿತಿ ಸಂಗ್ರಹಿಸಿದವರು ತರಬೇತಿ ಪಡೆದ ನರ್ಸುಗಳು ಎಂದೂ ಹೇಳಿದರು. ಚಪ್ಪಾಳೆ ಬಿತ್ತು. ದೊಡ್ಡ ಡಾಕ್ಟರು ಎದ್ದು ನಿಂತು, ಇಂಥ ಸಂಶೋಧನೆ ಆಸ್ಪತ್ರೆಗೆ ಕೂಡಲೇ ಉಪಯೋಗಕ್ಕೆ ಬರಬೇಕು ಎಂದರು. ಔಷಧಿಯ ಅಭಾವ ಇದ್ದೇ ಇತ್ತು. ಅವರಿಗೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು.

ಮಾರನೆಯ ದಿನ ಆದೇಶ ಬಂತು. ಕೆಳಗಿನ ವಾರ್ಡಿನಲ್ಲಿ ಗಾಯ ಬಿಚ್ಚುವ ಮುಂಚೆ ಎಲ್ಲರಿಗೂ ನೋವಿನ ಸೂಜಿ ಹಾಕುವ ಪದ್ಧತಿ ಇನ್ನು ಇಲ್ಲ. ಮೊದಲು ರಟ್ಟು ತೋರಿಸಬೇಕು. ನಾಲ್ಕನೆಯ ಮುಖದಿಂದಾಚೆ ಬೆರಳಿಟ್ಟವರಿಗೆ ಮಾತ್ರ.

ಹತ್ತು ಗಂಟೆಗೆ ಅರಳುವನ್ನು ಡ್ರೆಸಿಂಗ್ ಕೋಣೆಗೆ ತಂದರು. ಹೆಡ್ ಸಿಸ್ಟರ್ ರಟ್ಟು ತೋರಿಸಿದರು. ಅರಳು ಹಿಡಿಯಕ್ಕನ ಕಡೆ ನೋಡಿ, ಗುಟ್ಟಿನ ನಗು ನಕ್ಕು, ಮೊದಲನೆಯ ಮುಖಕ್ಕೆ ಬೆರಳಿಟ್ಟಳು. ಅಲ್ಲ ಎನ್ನಲು ಹಿಡಿಯಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಹೆಡ್ ಸಿಸ್ಟರ್, ‘ಹಿಡಿ’ ಎಂದರು. ಹದಿನಾಲ್ಕು ವರ್ಷದ ಅಭ್ಯಾಸ. ತಲೆಗೆ ಮುಟ್ಟುವ ಮೊದಲೇ ಆ ಮಾತು ಕೈಗೆ ಮುಟ್ಟಿತು. ಅವಳು ಹಿಡಿದಳು.

ಎರಡು ದಿನದ ಹಳೆಯ ಬಟ್ಟೆ ಗಾಯಕ್ಕೆ ಒಣಗಿ ಅಂಟಿರುತ್ತದೆ. ಉಪ್ಪುನೀರು ಹಾಕಿ ನೆನೆಸಿದರೂ ಪೂರ್ತಿ ಬಿಡುವುದಿಲ್ಲ. ಎಳೆಯಬೇಕು. ಎಳೆದಾಗ ಹೊಸದಾಗಿ ಹುಟ್ಟಿದ ಚರ್ಮವೂ ಅದರ ಜೊತೆ ಬರುತ್ತದೆ. ಬೆನ್ನಿನಿಂದ ಹಿಮ್ಮಡಿಯವರೆಗೆ ಮುಕ್ಕಾಲು ಗಂಟೆಯ ಕೆಲಸ. ಮೊದಲ ಎಳೆತಕ್ಕೆ ಅರಳು ಕಿರುಚಲಿಲ್ಲ, ಅವಳಿಗೆ ಅಷ್ಟು ಆಶ್ಚರ್ಯವಾಗಿತ್ತು. ಎರಡನೆಯದಕ್ಕೆ ಕಿರುಚಿದಳು. ಆಮೇಲೆ ಹಿಡಿಯಕ್ಕನ ಮುಂಗೈಗೆ ಹಲ್ಲು ಊರಿದಳು. ಹಿಡಿಯಕ್ಕ ಕೈ ಎಳೆದುಕೊಳ್ಳಲಿಲ್ಲ. ಆ ಪುಟ್ಟ ಎದೆ ತನ್ನ ಅಂಗೈಯಡಿ ಹಕ್ಕಿಯ ಹಾಗೆ ಬಡಿದುಕೊಳ್ಳುವುದನ್ನು ಮುಕ್ಕಾಲು ಗಂಟೆ ಹಿಡಿದಳು. ಕೊನೆಗೆ ಮಗು ಉಚ್ಚೆ ಹೊಯ್ದುಕೊಂಡಿತು. ಹೆಡ್ ಸಿಸ್ಟರ್ ಗ್ಲೌಸು ಕಳಚುತ್ತ, ‘ಒರೆಸು’ ಎಂದರು. ಅವಳು ಒರೆಸಿದಳು.

ಅವತ್ತಿನಿಂದ ಅರಳು ಮಾತು ನಿಲ್ಲಿಸಿದಳು.

ಹಿಡಿಯಕ್ಕ ಮೊದಲು ದೊಡ್ಡ ಡಾಕ್ಟರ ಕೋಣೆಗೆ ಹೋದಳು. ಬಾಗಿಲ ಜವಾನ, ‘ಆಯಾಗಳಿಗೆಲ್ಲ ಸಾಹೇಬ್ರು ಸಿಗಲ್ಲ’ ಎಂದು ದಾರಿ ತೋರಿಸಿದ. ಅಲ್ಲಿಂದ ಕಾಲೇಜಿಗೆ ಹೋಗಿ, ಮೇಡಂ ಮುಂದೆ ನಿಂತಳು. ಅಲ್ಲೂ ಕುರ್ಚಿ ಇತ್ತು. ಅಲ್ಲೂ ನಿಂತೇ ಇದ್ದಳು.

‘ಮೇಡಂ, ಮಕ್ಕಳಿಗೆ ನಗೋ ಮುಖ ತೋರ್ಸಿ ಅಂತ ಹೇಳ್ಕೊಟ್ಟಿದ್ದು ನಾನೇ. ಸೂಜಿ ತಪ್ಲಿ ಅಂತ. ಅವಕ್ಕೆ ನೋವಿತ್ತು ಮೇಡಂ. ಎಲ್ಲಾ ಟಿಕ್ಕೂ ಸುಳ್ಳು.’

ಮೇಡಂ ಎದ್ದು ಹೋಗಿ ಬಾಗಿಲು ಹಾಕಿದರು. ‘ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ಯಾ?’

‘ಇಲ್ಲ.’

‘ಹೇಳ್ಬೇಡ.’

‘ಹೇಳ್ದೆ ಹೆಂಗೆ ಮೇಡಂ? ನಾಡಿದ್ದು ಮತ್ತೆ ಅವಳ ಗಾಯ ಬಿಚ್ತಾರೆ. ಸೂಜಿ ಇಲ್ದೆ.’

‘ನೋಡು. ಆ ವರದೀಲಿ ನಿನ್ನ ಹೆಸರಿಲ್ಲ. ಟಿಕ್ ಹಾಕಿದ್ದು ತರಬೇತಿ ಪಡೆದ ನರ್ಸುಗಳು. ನೀನು ಟಿಕ್ಕೇ ಹಾಕಿಲ್ಲ ಅಂದ್ಮೇಲೆ ನೀನು ಹೇಳ್ಕೊಡೋದು ಎಲ್ಲಿಂದ ಬಂತು?’

ಹಿಡಿಯಕ್ಕನಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಾನು ತಪ್ಪು ಮಾಡಿದ್ದೇನೆ ಎಂದು ಒಪ್ಪಿಕೊಳ್ಳಲು ಬಂದಿದ್ದಳು. ತಪ್ಪು ಮಾಡುವಷ್ಟು ದೊಡ್ಡವಳೂ ಅವಳಾಗಿರಲಿಲ್ಲ.

‘ನನ್ನನ್ನ ಬೇಕಾದ್ರೆ ಕೆಲಸದಿಂದ ತೆಗೀರಿ’ ಎಂದಳು. ‘ಸೂಜಿ ಮಾತ್ರ ಮತ್ತೆ ಶುರು ಮಾಡ್ಸಿ. ನೀವು ಒಂದು ಮಾತು ಹೇಳಿದ್ರೆ ಸಾಕು.’

‘ಆದೇಶ ದೊಡ್ಡ ಡಾಕ್ಟರದ್ದು. ನನ್ನ ಕೈಲಿ ಏನಿದೆ?’

‘ಅವ್ರನ್ನ ಕೇಳಿದ್ರೆ ನಿಮ್ಮ ಸಂಶೋಧನೆ ಅಂತಾರೆ.’

ಮೇಡಂ ಕಣ್ಣಲ್ಲಿ ನೀರು ಬಂತು. ಅದು ಸುಳ್ಳು ನೀರಲ್ಲ, ನಿಜವಾದದ್ದೇ. ‘ನಿನಗೆ ಗೊತ್ತಾಗಲ್ಲ. ಇದರಲ್ಲಿ ನನ್ನ ಆರು ವರ್ಷ ಇದೆ.’

‘ಆ ಮಗೂಗೆ ಆಗಿರೋದೇ ಆರು ವರ್ಷ, ಮೇಡಂ’ ಎಂದಳು ಹಿಡಿಯಕ್ಕ.

ಮೇಡಂ ಕಣ್ಣೊರೆಸಿಕೊಂಡು, ತನಗೆ ಕ್ಲಾಸಿದೆ ಎಂದರು.

ಸಂಜೆ ಗಂಡನಿಗೆ ಹೇಳಿದಳು. ಅವನು ಅವತ್ತು ಉಪ್ಪಿನ ಮಾತು ಆಡಲಿಲ್ಲ. ‘ಬಡವನ ಕೋಪ ದವಡೆಗೆ ಮೂಲ ಕಣೇ. ನೀನು ಹಿಡೀದೆ ಇದ್ರೆ ಇನ್ನೊಬ್ಳು ಹಿಡೀತಾಳೆ. ಮಗೂಗೆ ಬಂದಿದ್ದೇನು?’ ಎಂದ. ಅವಳ ಮುಂಗೈಯ ಹಲ್ಲಿನ ಗುರುತು ನೀಲಿಗಟ್ಟಿತ್ತು. ಪಾತ್ರೆ ತೊಳೆಯುವಾಗ ಸೋಪಿನ ನೀರು ತಾಗಿ ಉರಿಯಿತು.

ಮಾರನೆಯ ದಿನ ಅವಳು ಅರಳುವಿನ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು, ಹೇಳಿಕೊಟ್ಟದ್ದನ್ನು ಮರೆಸಲು ನೋಡಿದಳು. ‘ನಾಳೆ ರಟ್ಟು ತೋರ್ಸಿದಾಗ ಅಳೋ ಮುಖಕ್ಕೆ ಬೆರಳಿಡು ಕಂದ. ಒಂದು ಸೂಜಿ ಹಾಕ್ತಾರೆ, ಅಷ್ಟೇ. ಆಮೇಲೆ ಅಷ್ಟು ನೋಯಲ್ಲ.’ ಅರಳು ಗೋಡೆ ನೋಡುತ್ತ ಮಲಗಿದ್ದಳು. ‘ಕೇಳಿಸ್ತಾ?’ ಮಗು ಮೆಲ್ಲಗೆ ತಿರುಗಿ ಅವಳ ಮುಖ ನೋಡಿತು. ಸೂಜಿ ಎಂದರೆ ಏನೆಂದು ಅದಕ್ಕೆ ಗೊತ್ತಿತ್ತು. ಹಿಡಿಯಕ್ಕ ಎಂದರೆ ಏನೆಂದು ಮಾತ್ರ ಈಗ ಗೊತ್ತಿರಲಿಲ್ಲ. ಮತ್ತೆ ಗೋಡೆಗೆ ತಿರುಗಿತು. ಹಿಡಿಯಕ್ಕ ಪಕ್ಕದಲ್ಲಿ ಕೂತಿದ್ದ ತಾಯಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ‘ಡಾಕ್ಟ್ರಿಗೆ ಎದುರು ಮಾತಾಡಿದ್ರೆ ನಮ್ಮನ್ನ ಹೊರಗೆ ಹಾಕಲ್ವಾ ಅಕ್ಕ?’ ಎಂದಷ್ಟೇ ಅವಳು ಕೇಳಿದಳು. 

ಹತ್ತು ಗಂಟೆ. ಡ್ರೆಸಿಂಗ್ ಕೋಣೆ. ಟ್ರೇಯಲ್ಲಿ ಕತ್ತರಿ, ಚಿಮಟ, ಉಪ್ಪುನೀರು. ಹೆಡ್ ಸಿಸ್ಟರ್ ರಟ್ಟು ಹಿಡಿದರು.

ಅರಳುವಿನ ಬೆರಳು ನೆಟ್ಟಗೆ ನಗುವ ಮುಖಕ್ಕೆ ಹೋಯಿತು.

‘ಅಲ್ಲ ಕಂದ!’ ಎಂದಳು ಹಿಡಿಯಕ್ಕ. ‘ಕೊನೇದು ತೋರ್ಸು. ಕೊನೇದು!’

ಮಗು ಬೆರಳನ್ನು ಇನ್ನೂ ಗಟ್ಟಿಯಾಗಿ ಒತ್ತಿತು. ಉಗುರು ಬೆಳ್ಳಗಾಯಿತು.

‘ನೋಡಿದ್ಯಾ? ಅವಳೇ ಹೇಳ್ತಿದ್ದಾಳೆ’ ಎಂದರು ಹೆಡ್ ಸಿಸ್ಟರ್. ‘ಹಿಡಿ.’

ಹಿಡಿಯಕ್ಕ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

‘ಹಿಡಿಯಲ್ಲ.’

ಕೋಣೆಯಲ್ಲಿ ಯಾರಿಗೂ ಆ ಮಾತು ಮೊದಲ ಸಲ ಕೇಳಿಸಲಿಲ್ಲ. ಫ್ಯಾನೇ ಬಾಯಿ ಬಿಟ್ಟು ‘ತಿರುಗಲ್ಲ’ ಎಂದರೆ ಹೇಗೋ ಹಾಗೆ.

‘ಏನಂದೆ?’

‘ಹಿಡಿಯಲ್ಲ ಅಂದೆ. ಮೊದ್ಲು ನೋವಿನ ಸೂಜಿ ಹಾಕಿ, ಆಮೇಲೆ ಹಿಡೀತೀನಿ. ಇವಳಿಗೂ ಹಾಕಿ, ಹೊರಗೆ ಸಾಲಲ್ಲಿ ಕೂತಿರೋ ಏಳು ಮಕ್ಕಳಿಗೂ ಹಾಕಿ. ಇವರ ಚರ್ಮವೂ ಚರ್ಮವೇ ಸಿಸ್ಟರ್. ಹಂಡೆ ನೀರು ಇವರಿಗೂ ಅಷ್ಟೇ ಸುಡುತ್ತೆ.’

ಹೆಡ್ ಸಿಸ್ಟರಿಗೆ ನಿವೃತ್ತಿಗೆ ಎರಡು ವರ್ಷ ಇತ್ತು. ಅವರು ದನಿ ತಗ್ಗಿಸಿದರು. ‘ನನಗೆ ಗೊತ್ತಿಲ್ವಾ? ಮೂವತ್ತು ವರ್ಷದಿಂದ ಗಾಯ ಕಟ್ತಿದ್ದೀನಿ, ನನಗೆ ಗೊತ್ತಿಲ್ವಾ? ಔಷಧಿ ಬೀರು ಬೀಗದ ಕೈ ಈಗ ನನ್ನ ಹತ್ರ ಇಲ್ಲ ಕಣೇ. ಸುಮ್ನೆ ಹಿಡಿ, ಬೇಗ ಮುಗಿಸೋಣ.’

‘ಇಲ್ಲ.’

‘ಕೆಲಸ ಹೋಗುತ್ತೆ.’

‘ಹೋಗ್ಲಿ.’

ಇಲ್ಲಿಗೆ ಕಥೆ ನಿಂತಿದ್ದರೆ ಚೆನ್ನಾಗಿತ್ತು. ಒಬ್ಬಳು ಆಗುವುದಿಲ್ಲ ಎಂದಳು, ಲೋಕ ಬೆಚ್ಚಿತು ಎಂದು ಬರೆಯಬಹುದಿತ್ತು. ಲೋಕ ಬೆಚ್ಚಲಿಲ್ಲ. ಹೆಡ್ ಸಿಸ್ಟರ್ ಬಾಗಿಲು ತೆರೆದು ಅರಳುವಿನ ತಾಯಿಯನ್ನು ಕರೆದರು. ‘ಬಾಮ್ಮ, ನೀನೇ ಹಿಡ್ಕೊ. ಗಾಯ ಕಟ್ದೆ ಬಿಟ್ರೆ ಕೀವಾಗಿ ಮಗು ಉಳಿಯಲ್ಲ.’

ಅದು ಸುಳ್ಳಾಗಿರಲಿಲ್ಲ. ತಾಯಿ ಮಗುವನ್ನು ನೋಡಿದಳು, ಟ್ರೇ ನೋಡಿದಳು, ಹಿಡಿಯಕ್ಕನ ಕಡೆ ತಿರುಗಿ ಕೈ ಮುಗಿದಳು.

‘ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ, ನೀವೇ ಹಿಡ್ಕೊಳ್ಳಿ. ನಂಗೆ ಹಿಡಿಯೋಕೆ ಬರಲ್ಲ. ನಿಮ್ಮ ಕೈ ಮೆತ್ತಗಿದೆ.’

 ಹಿಡಿದರೆ ನಾಳೆಯಿಂದ ದಿನಾ ಹಿಡಿಯಬೇಕು, ಏಳು ಮಕ್ಕಳನ್ನೂ, ಆಮೇಲೆ ಬರುವವರನ್ನೂ. ಹಿಡಿಯದಿದ್ದರೆ ಇವತ್ತು ಈ ಮಗುವನ್ನು ಹೆತ್ತವಳೇ ಹಿಡಿಯಬೇಕು. ಬಡವರ ಪಾಲಿಗೆ ಇಟ್ಟ ದಾರಿಗಳೆಲ್ಲ ಹೀಗೇ, ಈ ಕಡೆ ಬಾವಿ, ಆ ಕಡೆ ಕೆರೆ. ಹಿಡಿಯಕ್ಕ ಕೈ ಬಿಚ್ಚದೆ ನಿಂತಳು. ತಪ್ಪೋ ಸರಿಯೋ ಅವಳಿಗೆ ಕಡೆಯವರೆಗೂ ತಿಳಿಯಲಿಲ್ಲ. ಅವಳನ್ನು ಹೊರಗೆ ತಳ್ಳಿ ಬಾಗಿಲು ಹಾಕಿದರು.

ಕಾರಿಡಾರಿನ ಗೋಡೆಗೆ ಒರಗಿ ಕಿರುಚು ಬರುತ್ತದೆ ಎಂದು ಕಾದಳು. ಬರಲಿಲ್ಲ. ತಾಯಿ ಅಳುವುದು ಕೇಳಿಸಿತು, ಚಿಮಟ ಟ್ರೇಗೆ ಬೀಳುವುದು ಕೇಳಿಸಿತು. ಮಗುವಿನ ದನಿ ಒಂದು ಸಲವೂ ಬರಲಿಲ್ಲ. ಬೆಂಚಿನ ಮೇಲೆ ಸಾಲಾಗಿ ಕೂತಿದ್ದ ಏಳು ಮಕ್ಕಳು ಅವಳನ್ನೇ ನೋಡುತ್ತಿದ್ದವು. ಅವಳ ಬದಲಿಗೆ ಕರೆಸಿದ್ದ ಹೆಂಗಸರ ವಾರ್ಡಿನ ಆಯಾ ಆಗಲೇ ಬಂದು, ಅವಳ ಮುಖ ನೋಡಲಾರದೆ, ರವಿಕೆಯ ತೋಳು ಮಡಚಿಕೊಳ್ಳುತ್ತ ನಿಂತಿದ್ದಳು.

ಹನ್ನೊಂದಕ್ಕೆ ಗುತ್ತಿಗೆಯ ಮೇಸ್ತ್ರಿ ಬಂದು ಅವಳ ಕೊರಳಿನ ಗುರುತಿನ ಚೀಟಿ ಕಳಚಿಕೊಂಡ. ಚಿಕಿತ್ಸೆಗೆ ಅಡ್ಡಿಪಡಿಸಿದ್ದಾಳೆ ಎಂದು ಕಾಗದದಲ್ಲಿ ಬರೆದಿತ್ತು. ಊಟದ ಡಬ್ಬಿ ವಾರ್ಡಿನಲ್ಲಿದೆ, ತರುತ್ತೇನೆ ಎಂದಳು. ಜೊತೆಗೆ ಒಬ್ಬ ಕಾವಲಿನವನನ್ನು ಕಳಿಸಿದರು.

ಅರಳು ಬೋರಲು ಮಲಗಿದ್ದಳು. ಬೆನ್ನಿನಿಂದ ಹಿಮ್ಮಡಿಯವರೆಗೆ ಹೊಸ ಬಿಳಿಯ ಬಟ್ಟೆ. ಎರಡೂ ತೋಳಿನ ಮೇಲೆ ಹೆತ್ತ ತಾಯಿಯ ಹತ್ತು ಬೆರಳು ಕೆಂಪಗೆ ಎದ್ದಿದ್ದವು. ಕೆಳತುಟಿ ಹಲ್ಲಿಗೆ ಸಿಕ್ಕಿ ಒಡೆದಿತ್ತು. ತಾಯಿ ಮಂಚದ ಕಾಲಿಗೆ ತಲೆ ಆನಿಸಿ ನೆಲದ ಮೇಲೆ ಕೂತಿದ್ದಳು, ತಲೆ ಎತ್ತಲಿಲ್ಲ. ಹಿಡಿಯಕ್ಕ ಡಬ್ಬಿ ತೆಗೆದುಕೊಂಡು ಬಗ್ಗಿದಳು. ಎರಡು ದಿನದಲ್ಲಿ ಮೊದಲ ಸಲ ಮಗು ಬಾಯಿ ಬಿಟ್ಟಿತು.

‘ಹಿಡಿಯಕ್ಕ, ನಾನು ಒಂಚೂರೂ ಅಳ್ಲಿಲ್ಲ. ಸೂಜಿ ಹಾಕ್ಸಲ್ಲ ತಾನೆ?’

ಹಿಡಿಯಕ್ಕ ಮಗುವಿನ ತಲೆ ಮುಟ್ಟಲು ಕೈ ಚಾಚಿದಳು.

‘ನಡೀಯಮ್ಮ, ಸಾಕು’ ಎಂದು ಕಾವಲಿನವನು ಅವಳ ಮಣಿಕಟ್ಟಿಗೆ ಕೈ ಹಾಕಿ ಎಳೆದ. ಅವನಿಗೆ ಹಿಡಿಯಲು ಬರುತ್ತಿರಲಿಲ್ಲ.